ಸ್ಕೂಲ್ ಬಸ್ಸಿನ ರೂಟನ್ನು ಕಂಪ್ಯೂಟರ್ ಕೈಗೆ ಕೊಡುವ ಮೊದಲು

ಅಮೆರಿಕದಲ್ಲಿ ಒಂದೊಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆಗೆ ಸ್ಕೂಲ್ ಡಿಸ್ಟ್ರಿಕ್ಟ್ ಅನ್ನುತ್ತಾರೆ. ಈ ಡಿಸ್ಟ್ರಿಕ್ಟ್‌ಗಳ ಸಾರಿಗೆ ಕಚೇರಿಗಳಲ್ಲಿ ಹಿಂದೆ ಗೋಡೆ ತುಂಬ ಮ್ಯಾಪು ಇರುತ್ತಿತ್ತು. ಅದರ ಮೇಲೆ ಬಣ್ಣಬಣ್ಣದ ಗುಂಡುಪಿನ್ನು. ಒಂದೊಂದು ಪಿನ್ನೂ ಒಂದು ಸ್ಟಾಪು. ಪಿನ್ನಿಂದ ಪಿನ್ನಿಗೆ ದಾರ ಎಳೆದರೆ ಅದೇ ರೂಟು. ಆ ಮ್ಯಾಪಿನ ಮುಂದೆ ವರ್ಷಗಟ್ಟಲೆ ಕೂತು ಪಳಗಿದವರೊಬ್ಬರು ಇರುತ್ತಿದ್ದರು. ಯಾವ ಬೀದಿಯ ತುದಿಯಲ್ಲಿ ಬಸ್ಸು ತಿರುಗಿಸಲು ಜಾಗವಿಲ್ಲ, ಯಾವ ರೈಲ್ವೆ ಗೇಟು ಬೆಳಗ್ಗೆ ಏಳೂವರೆಗೆ ಬೀಳುತ್ತದೆ, ಯಾವ ಮಗು ವಾರದಲ್ಲಿ ಎರಡು ದಿನ ಅಜ್ಜಿ ಮನೆಯಿಂದ ಹತ್ತುತ್ತದೆ, ಎಲ್ಲ ಅವರ ತಲೆಯಲ್ಲೇ ಇರುತ್ತಿತ್ತು.

ಕಂಪ್ಯೂಟರ್ ಬಂದು ಕೂತದ್ದು ಆ ಮ್ಯಾಪಿನ ಜಾಗದಲ್ಲಿ. ಆದರೆ ಆ ತಲೆಯೊಳಗೆ ಇದ್ದದ್ದು ತಾನಾಗಿಯೇ ಕಂಪ್ಯೂಟರಿಗೆ ಬರುವುದಿಲ್ಲ. ಕಂಪ್ಯೂಟರ್ ರೂಟಿಂಗ್ ಕೆಲವು ಕಡೆ ಕೋಟಿಗಟ್ಟಲೆ ಹಣ ಉಳಿಸಿದೆ, ಕೆಲವು ಕಡೆ ಮೊದಲ ದಿನವೇ ಕುಸಿದು ಬಿದ್ದಿದೆ. ಈ ವ್ಯತ್ಯಾಸಕ್ಕೆ ದೊಡ್ಡ ಕಾರಣ ಇಲ್ಲೇ ಇದೆ ಅನ್ನುವುದು ನನ್ನ ನಂಬಿಕೆ. ಅದನ್ನು ಒಂದೊಂದಾಗಿ ಬಿಡಿಸಿ ನೋಡೋಣ.

ಮೊದಲು ಇದು ಎಷ್ಟು ದೊಡ್ಡ ವ್ಯವಸ್ಥೆ ಅಂತ ಗೊತ್ತಿರಲಿ. ಅಮೆರಿಕದಲ್ಲಿ ಸುಮಾರು ನಾಲ್ಕೂಮುಕ್ಕಾಲು ಲಕ್ಷ ಸ್ಕೂಲ್ ಬಸ್ಸುಗಳಿವೆ. ಎರಡು ಕೋಟಿಗೂ ಜಾಸ್ತಿ ಮಕ್ಕಳು ಅವುಗಳಲ್ಲಿ ಓಡಾಡುತ್ತಾರೆ. ಎಲ್ಲವೂ ಹಳದಿ ಬಣ್ಣದ್ದೇ. 1939ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಫ್ರಾಂಕ್ ಸಿರ್ ಎಂಬುವರು ಕರೆದ ಸಭೆಯಲ್ಲಿ ಆ ಬಣ್ಣವನ್ನು ಆರಿಸಿದರು. ಮುಂಜಾವದ ಮಬ್ಬು ಬೆಳಕಿನಲ್ಲೂ ಹಳದಿಯ ಮೇಲೆ ಕಪ್ಪು ಅಕ್ಷರ ಚೆನ್ನಾಗಿ ಕಾಣುತ್ತದೆ ಅನ್ನುವುದು ಕಾರಣ. ಬಣ್ಣ ಹೀಗೆ ಒಂದೇ ಸಭೆಯಲ್ಲಿ ತೀರ್ಮಾನವಾಯಿತು. ರೂಟು ಹಾಗಲ್ಲ. ಅದನ್ನು ಪ್ರತಿ ವರ್ಷ ಹೊಸದಾಗಿ ಹಾಕಬೇಕು.

ಲೆಕ್ಕ ಯಾಕೆ ಇಷ್ಟು ಕಷ್ಟ?

ಒಂದು ಬಸ್ಸು, ಹತ್ತು ಸ್ಟಾಪು ಅಂದುಕೊಳ್ಳಿ. ಯಾವ ಸ್ಟಾಪಿಗೆ ಮೊದಲು ಹೋಗಬೇಕು, ಯಾವುದಕ್ಕೆ ಆಮೇಲೆ? ಸಾಧ್ಯವಿರುವ ಕ್ರಮಗಳು 36,28,800. ಹದಿನೈದು ಸ್ಟಾಪಾದರೆ 1 ಲಕ್ಷ 30 ಸಾವಿರ ಕೋಟಿಗೂ ಜಾಸ್ತಿ. ಸೆಕೆಂಡಿಗೆ ಹತ್ತು ಲಕ್ಷ ಕ್ರಮ ಪರೀಕ್ಷಿಸುವ ಕಂಪ್ಯೂಟರ್ ಇದ್ದರೆ ಹದಿನೈದು ಸ್ಟಾಪಿಗೆ ಎರಡು ವಾರ ಬೇಕು. ಇಪ್ಪತ್ತು ಸ್ಟಾಪಿಗೆ ಸುಮಾರು 77 ಸಾವಿರ ವರ್ಷ! ಇದು ಒಂದೇ ಬಸ್ಸಿನ ಕಥೆ. ನೂರಾರು ಬಸ್ಸು, ಸಾವಿರಾರು ಸ್ಟಾಪು ಇದ್ದರೆ ಎಲ್ಲ ದಾರಿಗಳನ್ನೂ ನೋಡಿ ಒಂದನ್ನು ಆರಿಸುವ ಮಾತೇ ಇಲ್ಲ.

ಹಾಗಾಗಿ ಕಂಪ್ಯೂಟರ್ ಎಲ್ಲವನ್ನೂ ನೋಡುವುದಿಲ್ಲ. ಜಾಣತನದ ಅಡ್ಡದಾರಿ ಹಿಡಿಯುತ್ತದೆ. ಈ ಬಗೆಯ ಲೆಕ್ಕವನ್ನು 1959ರಲ್ಲಿ ಜಾರ್ಜ್ ಡ್ಯಾಂಟ್ಜಿಗ್ ಮತ್ತು ಜಾನ್ ರಾಮ್ಸರ್ ಮೊದಲು ಮಂಡಿಸಿದರು. ಅವರ ತಲೆಯಲ್ಲಿ ಇದ್ದದ್ದು ಪೆಟ್ರೋಲ್ ಲಾರಿಗಳು, ಶಾಲೆಯಲ್ಲ. 1964ರಲ್ಲಿ ಕ್ಲಾರ್ಕ್ ಮತ್ತು ರೈಟ್ ಎಂಬ ಇಬ್ಬರು ಒಂದು ಸುಲಭ ಉಪಾಯ ಕೊಟ್ಟರು. ಅದು ಎಷ್ಟು ಸರಳ ಅಂದರೆ ಕೈಯಲ್ಲೇ ಮಾಡಬಹುದು.

ಶಾಲೆಯಿಂದ ಒಂದನೇ ಸ್ಟಾಪಿಗೆ 10 ನಿಮಿಷ. ಎರಡನೇ ಸ್ಟಾಪಿಗೆ 12 ನಿಮಿಷ. ಎರಡು ಸ್ಟಾಪುಗಳ ನಡುವೆ 4 ನಿಮಿಷ. ಎರಡಕ್ಕೂ ಬೇರೆ ಬೇರೆ ಬಸ್ಸು ಕಳಿಸಿದರೆ ಹೋಗಿ ಬರುವುದಕ್ಕೆ 20 ಮತ್ತು 24, ಒಟ್ಟು 44 ನಿಮಿಷ. ಒಂದೇ ಬಸ್ಸು ಎರಡನ್ನೂ ಮಾಡಿದರೆ 10, 4, 12, ಒಟ್ಟು 26 ನಿಮಿಷ. ಉಳಿತಾಯ 18 ನಿಮಿಷ. ಹೀಗೆ ಪ್ರತಿ ಜೋಡಿ ಸ್ಟಾಪಿಗೂ ಉಳಿತಾಯದ ಲೆಕ್ಕ ಹಾಕಿ. ಯಾವ ಜೋಡಿಯಲ್ಲಿ ಜಾಸ್ತಿ ಉಳಿಯುತ್ತದೋ ಅದನ್ನು ಮೊದಲು ಜೋಡಿಸಿ. ಬಸ್ಸು ತುಂಬುವವರೆಗೆ, ಇಲ್ಲವೇ ಮೊದಲು ಹತ್ತಿದ ಮಗು ಕೂರಬೇಕಾದ ಹೊತ್ತು ಮಿತಿ ಮೀರುವವರೆಗೆ ಜೋಡಿಸುತ್ತಾ ಹೋಗಿ. ಇದೇ ಎಲ್ಲಕ್ಕಿಂತ ಒಳ್ಳೆಯ ಉತ್ತರ ಅಂತ ಖಾತ್ರಿ ಇಲ್ಲ, ಆದರೆ ಸಾಕಷ್ಟು ಒಳ್ಳೆಯ ಉತ್ತರ ಬೇಗ ಸಿಗುತ್ತದೆ. 1969ರ ಹೊತ್ತಿಗೆ ಸ್ಕೂಲ್ ಬಸ್ಸಿನ ರೂಟನ್ನು ಕಂಪ್ಯೂಟರಿನಲ್ಲಿ ಹಾಕುವ ಬಗ್ಗೆ ನ್ಯೂಟನ್ ಮತ್ತು ಥಾಮಸ್ ಎಂಬ ಸಂಶೋಧಕರು ಪ್ರಬಂಧವನ್ನೇ ಬರೆದಿದ್ದರು. ಅಂದರೆ ಐಡಿಯಾ ಹೊಸದೇನಲ್ಲ.

ಒಂದು ಬಸ್ಸು, ಮೂರು ಗಂಟೆ

ಈಗ ಹೇಳುವುದು ಹೊರಗಿನವರಿಗೆ ಸಾಮಾನ್ಯವಾಗಿ ಗೊತ್ತೇ ಇರುವುದಿಲ್ಲ. ಹಣ ಉಳಿಯುವುದು ದಾರಿ ಚಿಕ್ಕದು ಮಾಡುವುದರಿಂದ ಅಲ್ಲ. ಅದರಿಂದ ಒಂದಿಷ್ಟು ಡೀಸೆಲ್ ಉಳಿಯಬಹುದು ಅಷ್ಟೆ. ದೊಡ್ಡ ಖರ್ಚು ಇರುವುದು ಬಸ್ಸು ಮತ್ತು ಡ್ರೈವರ್ ಮೇಲೆ. ಒಂದು ಬಸ್ಸು ಕಡಿಮೆಯಾದರೆ ಅದರ ವಿಮೆ, ರಿಪೇರಿ, ಡ್ರೈವರ್ ಸಂಬಳ, ಎಲ್ಲ ಕಡಿಮೆಯಾಗುತ್ತದೆ. ಬಸ್ಸು ಕಡಿಮೆ ಮಾಡುವ ಉಪಾಯ ಶಾಲೆಯ ಗಂಟೆಯಲ್ಲಿದೆ, ಅಂದರೆ ಶಾಲೆ ಶುರುವಾಗುವ ಹೊತ್ತಿನಲ್ಲಿದೆ.

ಮೂರು ಶಾಲೆ, ಒಂದೊಂದಕ್ಕೂ 30 ರೂಟು ಇದೆ ಅಂದುಕೊಳ್ಳಿ. ಮೂರೂ ಎಂಟು ಗಂಟೆಗೇ ಶುರುವಾದರೆ 90 ಬಸ್ಸು ಬೇಕು. ಒಂದು ಏಳೂವರೆಗೆ, ಇನ್ನೊಂದು ಎಂಟೂಕಾಲಕ್ಕೆ, ಮತ್ತೊಂದು ಒಂಬತ್ತಕ್ಕೆ ಶುರುವಾದರೆ? ಮೊದಲ ಶಾಲೆಗೆ ಮಕ್ಕಳನ್ನು ಇಳಿಸಿದ ಬಸ್ಸೇ ಖಾಲಿ ಓಡಿ ಎರಡನೇ ಶಾಲೆಯ ಮಕ್ಕಳನ್ನು ಹತ್ತಿಸಿಕೊಳ್ಳುತ್ತದೆ. ಆಮೇಲೆ ಮೂರನೆಯದು. ರೂಟುಗಳು ಚಿಕ್ಕದಾಗಿದ್ದರೆ 30 ಬಸ್ಸೇ ಸಾಕು. ಅಮೆರಿಕದ ಪ್ರೈಮರಿ, ಮಿಡಲ್, ಹೈಸ್ಕೂಲುಗಳು ಬೇರೆ ಬೇರೆ ಹೊತ್ತಿಗೆ ಶುರುವಾಗುವುದಕ್ಕೆ ಬಸ್ಸೇ ಒಂದು ಮುಖ್ಯ ಕಾರಣ.

ಇದರಿಂದ ಇನ್ನೊಂದು ವಿಷಯ ಹೊರಡುತ್ತದೆ. ಒಂದು ಶಾಲೆಗೆ ಅತ್ಯುತ್ತಮವಾದ ರೂಟು ಇಡೀ ಊರಿಗೆ ಅತ್ಯುತ್ತಮ ಆಗಬೇಕಿಲ್ಲ. ಒಂದು ಶಾಲೆಗೆ ಬಸ್ಸು ಕಡಿಮೆ ಹಾಕಿ ರೂಟು ಉದ್ದ ಮಾಡಿದರೆ ಆ ಬಸ್ಸುಗಳು ಮುಂದಿನ ಶಾಲೆಗೆ ಹೊತ್ತಿಗೆ ಸರಿಯಾಗಿ ತಲುಪುವುದಿಲ್ಲ. ಅಲ್ಲೇ ಎರಡು ಬಸ್ಸು ಜಾಸ್ತಿ ಹಾಕಿ ರೂಟು ಚಿಕ್ಕದು ಮಾಡಿದರೆ ಒಟ್ಟು ಊರಿನಲ್ಲಿ ಐದು ಬಸ್ಸು ಉಳಿಯಬಹುದು. ಮನುಷ್ಯರ ಕೈಯಲ್ಲಿ ಇಷ್ಟು ದೂರದ ಲೆಕ್ಕ ಆಗುವುದಿಲ್ಲ. ಕಂಪ್ಯೂಟರ್ ನಿಜಕ್ಕೂ ಗೆಲ್ಲುವುದು ಇಲ್ಲಿ.

ಆದರೆ ಈ ಸರಪಳಿಗೆ ಒಂದು ಬೆಲೆ ಇದೆ. ಮೊದಲ ಟ್ರಿಪ್ಪು 15 ನಿಮಿಷ ತಡವಾದರೆ ಎರಡನೆಯದೂ ತಡ, ಮೂರನೆಯದೂ ತಡ. ಸರಪಳಿ ಬಿಗಿಯಾದಷ್ಟೂ ಒಂದು ಕಡೆಯ ಸಣ್ಣ ತಪ್ಪು ಊರಿಡೀ ಹರಡುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಂದು ಚುಕ್ಕಿಯ ಕಥೆ

ಸಾಫ್ಟ್‌ವೇರ್ ಕೊಂಡ ಮೇಲೆ ಮೊದಲ ಕೆಲಸ ಮಕ್ಕಳ ವಿಳಾಸಗಳನ್ನು ಮ್ಯಾಪಿನ ಮೇಲೆ ಚುಕ್ಕಿಯಾಗಿ ಇಡುವುದು. ಕೇಳೋಕೆ ಸುಲಭ. ಆದರೆ ಕಂಪ್ಯೂಟರ್ ಇದನ್ನು ಹೇಗೆ ಮಾಡುತ್ತದೆ ನೋಡಿ. ಒಂದು ಬೀದಿಯಲ್ಲಿ ಮನೆ ನಂಬರು 100ರಿಂದ 198ರವರೆಗೆ ಇವೆ ಅಂತ ಅದಕ್ಕೆ ಗೊತ್ತು. 150ನೇ ನಂಬರಿನ ಮನೆ ಕೇಳಿದರೆ ಬೀದಿಯ ನಡುಮಧ್ಯೆ ಚುಕ್ಕಿ ಇಡುತ್ತದೆ. ಅಂದಾಜು ಅಷ್ಟೆ. ನಿಜವಾದ ಮನೆ ಬೀದಿಯ ತುದಿಯಲ್ಲಿ ಇರಬಹುದು. ಅಪಾರ್ಟ್‌ಮೆಂಟ್ ಆದರೆ ಇಡೀ ಕಾಂಪ್ಲೆಕ್ಸಿಗೆ ಒಂದೇ ವಿಳಾಸ, ಅದು ಆಫೀಸಿನದು. ಮಗು ಇರುವ ಬ್ಲಾಕು ಹಿಂದಿನ ರಸ್ತೆಗೆ ತೆರೆಯುತ್ತದೆ.

ಆ ಚುಕ್ಕಿಯಿಂದ 80 ಮೀಟರ್ ದೂರದಲ್ಲಿ ಸ್ಟಾಪು ಇದೆ, ನಡೆದು ಬರಬಹುದು ಅಂತ ಕಂಪ್ಯೂಟರ್ ಹೇಳುತ್ತದೆ. ಸ್ಥಳಕ್ಕೆ ಹೋಗಿ ನೋಡಿದರೆ ಮಧ್ಯೆ ನಾಲ್ಕು ಲೇನಿನ ರಸ್ತೆ. ಬಸ್ಸು ಕೆಂಪು ದೀಪ ಹಾಕಿ ನಿಂತಾಗ ಬೇರೆ ವಾಹನಗಳು ನಿಲ್ಲಲೇಬೇಕು ಅನ್ನುವ ಕಾನೂನು ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಇದೆ. ಆದರೆ ನಡುವೆ ಡಿವೈಡರ್ ಇರುವ ರಸ್ತೆಯಲ್ಲಿ ಎದುರು ಬರುವವರು ನಿಲ್ಲಬೇಕಾಗಿಲ್ಲ ಅನ್ನುವ ರಾಜ್ಯಗಳೇ ಜಾಸ್ತಿ. ಐದು ವರ್ಷದ ಮಗುವನ್ನು ಅಂಥ ರಸ್ತೆ ದಾಟಿಸಬಾರದು. ಬಸ್ಸೇ ಆ ಕಡೆಗೆ ಹೋಗಿ, ಬಾಗಿಲು ಇರುವ ಬಲಗಡೆಯಿಂದ ಹತ್ತಿಸಿಕೊಳ್ಳಬೇಕು. ಗೋಡೆಯ ಮ್ಯಾಪಿನ ಮುಂದೆ ಕೂತಿದ್ದವರಿಗೆ ಇದನ್ನು ಹೇಳಿಕೊಡುವ ಅಗತ್ಯ ಇರಲಿಲ್ಲ. ಕಂಪ್ಯೂಟರಿಗೆ ಪ್ರತಿ ರಸ್ತೆಯ ಮೇಲೂ ಗುರುತು ಹಾಕಿ ಹೇಳಬೇಕು: ಇದನ್ನು ಮಕ್ಕಳು ದಾಟುವಂತಿಲ್ಲ. ಈ ಸೇತುವೆ ಬಸ್ಸಿನ ಭಾರ ತಡೆಯುವುದಿಲ್ಲ. ಇಲ್ಲಿ ಉದ್ದದ ಬಸ್ಸು ತಿರುಗುವುದಿಲ್ಲ. ಇಲ್ಲಿ ರೈಲು ಹಳಿ ಇದೆ, ರೈಲು ಬರಲಿ ಬಿಡಲಿ ಸ್ಕೂಲ್ ಬಸ್ಸು ನಿಂತು ನೋಡಿಯೇ ಹೋಗಬೇಕು, ಅದಕ್ಕೂ ಸಮಯ ಸೇರಿಸು.

ಸೀಟಿನ ಲೆಕ್ಕವೂ ಹೀಗೇ. 77 ಮಕ್ಕಳ ಬಸ್ಸು ಅಂದರೆ ಒಂದು ಸೀಟಿಗೆ ಮೂರು ಚಿಕ್ಕ ಮಕ್ಕಳು ಅನ್ನುವ ಲೆಕ್ಕ. ಹೈಸ್ಕೂಲ್ ಹುಡುಗರು ಬ್ಯಾಗ್ ಸಮೇತ ಕೂತರೆ ಇಬ್ಬರಿಗೇ ಸೀಟು ತುಂಬುತ್ತದೆ. ಆಗ ಐವತ್ತು ಚಿಲ್ಲರೆ ಮಕ್ಕಳಷ್ಟೇ ಹಿಡಿಯುತ್ತಾರೆ. ಇನ್ನೊಂದು ಕಡೆ, ಬಸ್ಸಿನ ಹಕ್ಕು ಇರುವ ಮಕ್ಕಳೆಲ್ಲ ಬಸ್ಸಿಗೆ ಬರುವುದಿಲ್ಲ. ಎಷ್ಟೋ ಮಕ್ಕಳನ್ನು ಅಪ್ಪ ಅಮ್ಮನೇ ಕಾರಿನಲ್ಲಿ ಬಿಡುತ್ತಾರೆ. ಪಟ್ಟಿ ನಂಬಿ ರೂಟು ಹಾಕಿದರೆ ಅರ್ಧ ಖಾಲಿ ಬಸ್ಸು ಓಡುತ್ತದೆ. ಕಳೆದ ವರ್ಷ ಬಂದವರ ಸಂಖ್ಯೆ ನಂಬಿದರೆ ಮಳೆ ಬಂದ ದಿನ ಮಕ್ಕಳು ನಿಂತೇ ಹೋಗಬೇಕಾದೀತು. ಎಷ್ಟು ಜಾಗ ಬಿಡಬೇಕು ಅನ್ನುವುದನ್ನು ಯಾವ ಅಲ್ಗಾರಿದಮ್ಮೂ (ಕಂಪ್ಯೂಟರ್ ಲೆಕ್ಕ ಹಾಕುವ ವಿಧಾನ) ತಾನಾಗಿ ಹೇಳುವುದಿಲ್ಲ. ಅಲ್ಲಿ ಕೂತವರೇ ತೀರ್ಮಾನಿಸಬೇಕು.

ಅಂಗವಿಕಲ ಮಕ್ಕಳ ವಿಷಯ ಬೇರೆಯೇ. 1975ರ ಕಾನೂನು ಮತ್ತು ಅದರ ಮುಂದುವರಿಕೆಗಳ ಪ್ರಕಾರ, ಅಗತ್ಯವಿರುವ ಮಗುವಿಗೆ ಸಾರಿಗೆಯೂ ಶಿಕ್ಷಣದ ಭಾಗ. ವೀಲ್‌ಚೇರ್ ಏರಿಸುವ ಲಿಫ್ಟು, ಜೊತೆಗೊಬ್ಬ ಸಹಾಯಕರು, ಮನೆ ಬಾಗಿಲಲ್ಲೇ ಸ್ಟಾಪು ಬೇಕಾಗಬಹುದು. ಮನೆಯಿಲ್ಲದ ಮಕ್ಕಳಿಗೆ ಮೆಕಿನ್ನಿ-ವೆಂಟೊ ಕಾಯ್ದೆ ಇದೆ. ಆಶ್ರಯ ಎಲ್ಲಿಗೆ ಬದಲಾದರೂ ಹಳೆಯ ಶಾಲೆಯಲ್ಲೇ ಓದುವ ಹಕ್ಕು ಅವರಿಗಿದೆ, ಅಲ್ಲಿಗೆ ಕರೆದೊಯ್ಯುವ ಹೊಣೆ ಡಿಸ್ಟ್ರಿಕ್ಟಿನದು. ಅಂಥ ಮಗುವಿನ ಚುಕ್ಕಿ ವಾರಕ್ಕೊಮ್ಮೆ ಜಾಗ ಬದಲಿಸಬಹುದು. ಒಂದು ಸಲ ರೂಟು ಹಾಕಿ ಕೈ ತೊಳೆದುಕೊಳ್ಳುವ ಹಾಗೇ ಇಲ್ಲ.

ಬಾಸ್ಟನ್: ಒಂದು ಗೆಲುವು, ಒಂದು ಸೋಲು

ಬಾಸ್ಟನ್ ನಗರದಲ್ಲಿ ಸುಮಾರು 25 ಸಾವಿರ ಮಕ್ಕಳು ಸುಮಾರು 650 ಬಸ್ಸುಗಳಲ್ಲಿ ಇನ್ನೂರಕ್ಕೂ ಹೆಚ್ಚು ಶಾಲೆಗಳಿಗೆ ಹೋಗುತ್ತಿದ್ದರು. ಶಾಲಾ ಬಜೆಟ್ಟಿನ ಹತ್ತನೇ ಒಂದು ಭಾಗ ಸಾರಿಗೆಗೇ ಹೋಗುತ್ತಿತ್ತು. 2017ರಲ್ಲಿ ಡಿಸ್ಟ್ರಿಕ್ಟು ಒಂದು ಸ್ಪರ್ಧೆ ಇಟ್ಟಿತು: ಯಾರು ಚೆನ್ನಾಗಿ ರೂಟು ಹಾಕುತ್ತೀರಿ, ಬನ್ನಿ. ಎಂಐಟಿ ವಿಶ್ವವಿದ್ಯಾಲಯದ ಡಿಮಿಟ್ರಿಸ್ ಬರ್ಟ್‌ಸಿಮಾಸ್, ಆರ್ಥರ್ ಡೆಲಾರೂ, ಸೆಬಾಸ್ಟಿಯನ್ ಮಾರ್ಟಿನ್ ತಂಡ ಗೆದ್ದಿತು. ಅವರ ವಿಧಾನದ ಸೊಗಸು ಮೇಲೆ ಹೇಳಿದ ಮಾತಿನಲ್ಲೇ ಇದೆ. ಪ್ರತಿ ಶಾಲೆಗೂ ಒಂದೇ ಉತ್ತರ ಹುಡುಕದೆ ಹಲವು ಉತ್ತರ ಇಟ್ಟುಕೊಂಡರು. ಕೆಲವದರಲ್ಲಿ ಬಸ್ಸು ಕಡಿಮೆ, ಕೆಲವದರಲ್ಲಿ ಪ್ರಯಾಣದ ಹೊತ್ತು ಕಡಿಮೆ. ಆಮೇಲೆ ಇಡೀ ಊರಿಗೆ ಯಾವ ಯಾವುದನ್ನು ಜೋಡಿಸಿದರೆ ಬಸ್ಸು ಉಳಿಯುತ್ತದೆ ಅಂತ ನೋಡಿದರು. ಸಿಬ್ಬಂದಿ ವಾರಗಟ್ಟಲೆ ಕೂತು ಮಾಡುತ್ತಿದ್ದ ಲೆಕ್ಕ ಸುಮಾರು ಅರ್ಧ ಗಂಟೆಗೆ ಇಳಿಯಿತು. ಸುಮಾರು 50 ಬಸ್ಸು ಕಡಿಮೆಯಾದವು. ವರ್ಷಕ್ಕೆ ಸುಮಾರು 50 ಲಕ್ಷ ಡಾಲರ್ ಉಳಿತಾಯ ಅಂತ ಲೆಕ್ಕ ಕೊಟ್ಟರು.

ಇದು ಗೆಲುವು. ಮುಂದಿನ ಹೆಜ್ಜೆ ಶಾಲೆಯ ಗಂಟೆ ಬದಲಿಸುವುದು. ಹದಿಹರೆಯದವರಿಗೆ ಬೆಳಗ್ಗೆ ಬೇಗ ಏಳುವುದು ದೇಹಕ್ಕೇ ಒಗ್ಗುವುದಿಲ್ಲ. ಮಿಡಲ್ ಮತ್ತು ಹೈಸ್ಕೂಲ್ ಎಂಟೂವರೆಗೆ ಮೊದಲು ಶುರುವಾಗಬಾರದು ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ಹೇಳಿತ್ತು. ಅದನ್ನೂ ಸೇರಿಸಿ, ಒಳ್ಳೆಯ ಹೊತ್ತು ಬಡ ಬಡಾವಣೆಗಳ ಶಾಲೆಗಳಿಗೂ ಸಮನಾಗಿ ಸಿಗುವ ಹಾಗೆ ಕಂಪ್ಯೂಟರ್ ಹೊಸ ವೇಳಾಪಟ್ಟಿ ಕೊಟ್ಟಿತು. ಉದ್ದೇಶ ಒಳ್ಳೆಯದೇ. ಆದರೆ ಹೈಸ್ಕೂಲ್ ತಡವಾಗಬೇಕಾದರೆ ಯಾರಾದರೂ ಬೇಗ ಶುರು ಮಾಡಲೇಬೇಕಲ್ವಾ? 2017ರ ಡಿಸೆಂಬರಿನಲ್ಲಿ ಪಟ್ಟಿ ಹೊರಬಂದಾಗ ಹೆಚ್ಚುಕಡಿಮೆ ಎಲ್ಲ ಶಾಲೆಗಳ ಗಂಟೆಯೂ ಬದಲಾಗಿತ್ತು. ಎಷ್ಟೋ ಪ್ರೈಮರಿ ಶಾಲೆಗಳು ಏಳೂಕಾಲಕ್ಕೆ ಶುರು, ಮಧ್ಯಾಹ್ನ ಒಂದೂಕಾಲಕ್ಕೆಲ್ಲ ಬಿಡುಗಡೆ. ಐದು ಗಂಟೆಯವರೆಗೆ ಕೆಲಸ ಮಾಡುವ ತಾಯಿ ಒಂದೂಕಾಲಕ್ಕೆ ಬರುವ ಆರು ವರ್ಷದ ಮಗುವನ್ನು ಏನು ಮಾಡಬೇಕು? ಪೋಷಕರು ಸಭೆಗೆ ನುಗ್ಗಿ ಬಂದರು. ಕ್ರಿಸ್‌ಮಸ್‌ಗೆ ಮೊದಲೇ ಡಿಸ್ಟ್ರಿಕ್ಟು ಯೋಜನೆಯನ್ನು ವಾಪಸ್ ತೆಗೆದುಕೊಂಡಿತು.

ನನಗೆ ಅನ್ನಿಸುವುದು ಇಷ್ಟು. ಅಲ್ಗಾರಿದಂ ಇಲ್ಲಿ ತಪ್ಪು ಮಾಡಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಿತು. ಗಂಟೆ ಬದಲಾದರೆ ಮನೆಯ ಇಡೀ ದಿನ ಬದಲಾಗುತ್ತದೆ ಅನ್ನುವುದನ್ನು ಯಾರೂ ಅದಕ್ಕೆ ಹೇಳಿರಲಿಲ್ಲ, ಪೋಷಕರನ್ನು ಸಾಕಷ್ಟು ಮೊದಲೇ ಕೂರಿಸಿ ಕೇಳಿರಲೂ ಇಲ್ಲ. ರೂಟು ಹಾಕುವುದು ಲೆಕ್ಕದ ಕೆಲಸ. ಗಂಟೆ ಇಡುವುದು ಊರು ಕೂತು ಮಾತಾಡುವ ಕೆಲಸ. ಎರಡನ್ನೂ ಒಂದೇ ಬಟನ್ನಿಗೆ ಕಟ್ಟಿದರೆ ಕಷ್ಟ.

ಲೂಯಿವಿಲ್: ಮೊದಲ ದಿನದ ರಾತ್ರಿ

ಕೆಂಟಕಿ ರಾಜ್ಯದ ಲೂಯಿವಿಲ್ ನಗರ. ಜೆಫರ್ಸನ್ ಕೌಂಟಿಯ ಶಾಲೆಗಳು. ಸುಮಾರು 65 ಸಾವಿರ ಮಕ್ಕಳು ಬಸ್ಸಿನವರು. ಡ್ರೈವರ್‌ಗಳ ಕೊರತೆ ವರ್ಷದಿಂದ ವರ್ಷಕ್ಕೆ ಜಾಸ್ತಿಯಾಗುತ್ತಿತ್ತು. ಹಾಗಾಗಿ ಕಂಪ್ಯೂಟರ್ ಸಹಾಯದಿಂದ ರೂಟುಗಳನ್ನು ಸುಮಾರು 730ರಿಂದ 600ಕ್ಕೆ ಇಳಿಸಿದರು. ಶಾಲೆಗಳು ಶುರುವಾಗುವ ಹೊತ್ತು ಎರಡೇ ಇದ್ದದ್ದನ್ನು ಒಂಬತ್ತು ಮಾಡಿದರು. 2023ರ ಆಗಸ್ಟ್ 9, ಬುಧವಾರ, ಶಾಲೆಯ ಮೊದಲ ದಿನ.

ಮೊದಲ ದಿನ ಹೇಗಿರುತ್ತದೆ ಯೋಚಿಸಿ. ಕಿಂಡರ್‌ಗಾರ್ಟನ್ ಮಗುವಿಗೆ ತನ್ನ ಬಸ್ಸು ಯಾವುದು ಗೊತ್ತಿಲ್ಲ. ಡ್ರೈವರಿಗೆ ರೂಟು ಹೊಸದು. ಹತ್ತಿಸಿಕೊಳ್ಳುವುದಕ್ಕೆ ಒಂದು ನಿಮಿಷ ಅಂತ ಲೆಕ್ಕ ಹಾಕಿದ ಕಡೆ ನಾಲ್ಕು ನಿಮಿಷ ಹಿಡಿಯುತ್ತದೆ. ಸರಪಳಿ ಬಿಗಿ ಇದ್ದದ್ದರಿಂದ ತಡ ಎಲ್ಲ ಟ್ರಿಪ್ಪುಗಳಿಗೂ ದಾಟುತ್ತಾ ಹೋಯಿತು. ಕೊನೆಯ ಮಕ್ಕಳು ಮನೆ ಮುಟ್ಟುವಾಗ ರಾತ್ರಿ ಹತ್ತಾಗಲು ಎರಡೇ ನಿಮಿಷ ಬಾಕಿ ಇತ್ತು. ಮರುದಿನದಿಂದ ಶಾಲೆಗಳನ್ನೇ ಮುಚ್ಚಬೇಕಾಯಿತು. ಪ್ರೈಮರಿ ಮತ್ತು ಮಿಡಲ್ ಶಾಲೆಗಳು 18ರಂದು, ಹೈಸ್ಕೂಲುಗಳು 21ರಂದು ಮತ್ತೆ ತೆರೆದವು. ಡಿಸ್ಟ್ರಿಕ್ಟಿನ ಮುಖ್ಯಸ್ಥರಾಗಿದ್ದ ಸೂಪರಿಂಟೆಂಡೆಂಟ್ ಮಾರ್ಟಿ ಪೋಲಿಯೊ ಸಾರ್ವಜನಿಕವಾಗಿ ಕ್ಷಮೆ ಕೇಳಿದರು. ಮುಂದಿನ ವರ್ಷ ಸಾವಿರಾರು ಮ್ಯಾಗ್ನೆಟ್ ಶಾಲಾ (ವಿಶೇಷ ವಿಷಯಕ್ಕೆಂದು ಊರಿನ ಎಲ್ಲ ಕಡೆಯಿಂದ ಮಕ್ಕಳು ಬರುವ ಶಾಲೆ) ಮಕ್ಕಳ ಬಸ್ಸನ್ನೇ ನಿಲ್ಲಿಸುವ ತೀರ್ಮಾನ ಬಂತು.

ಕತ್ತಲಲ್ಲಿ ಬಾಗಿಲಲ್ಲಿ ನಿಂತು ಮಗುವಿಗಾಗಿ ಕಾಯುವ ಅಪ್ಪ ಅಮ್ಮನ ಹೊಟ್ಟೆಯೊಳಗಿನ ಸಂಕಟವನ್ನು ಯಾವ ಉಳಿತಾಯದ ಲೆಕ್ಕಕ್ಕೂ ಸೇರಿಸಲಾಗುವುದಿಲ್ಲ. ಇದು ರೂಟು ಹಾಕುವ ಪ್ರತಿಯೊಬ್ಬರ ಕಣ್ಣ ಮುಂದೆ ಇರಬೇಕು.

ಹಾಗಾದರೆ ಹೇಗೆ ತರಬೇಕು?

ಅವಸರ ಬೇಡ. ಮೊದಲ ವರ್ಷ ಸಾಫ್ಟ್‌ವೇರಿನಲ್ಲಿ ಈಗಿರುವ ರೂಟುಗಳನ್ನೇ ಹಾಗೇ ತುಂಬಿಸಬೇಕು. ಹೊಸದೇನೂ ಮಾಡಬಾರದು. ನಿನ್ನೆ ಬಸ್ಸು ನಿಜವಾಗಿ 7:12ಕ್ಕೆ ಮುಟ್ಟಿದ ಸ್ಟಾಪಿಗೆ ಕಂಪ್ಯೂಟರ್ 7:04 ಅನ್ನುತ್ತಿದ್ದರೆ ಅದರ ವೇಗದ ಲೆಕ್ಕ ತಪ್ಪು ಅಂತ ಅಲ್ಲೇ ಗೊತ್ತಾಗುತ್ತದೆ. ಬಸ್ಸಿನ ಜಿಪಿಎಸ್ ದಾಖಲೆ ಇದ್ದರೆ ಈ ಹೋಲಿಕೆ ಇನ್ನೂ ಸುಲಭ. ಈಗಿನದನ್ನೇ ಸರಿಯಾಗಿ ಹೇಳಲಾಗದ ಕಂಪ್ಯೂಟರ್ ಹೊಸದನ್ನು ಸರಿಯಾಗಿ ಹೇಳುತ್ತದೆ ಅಂತ ನಂಬುವುದು ಹೇಗೆ?

ಆಮೇಲೆ ಒಂದು ಭಾಗದಲ್ಲಿ ಮಾತ್ರ ಬದಲಾವಣೆ ಮಾಡಿ ನೋಡಬೇಕು. ಶಾಲಾ ವರ್ಷದ ನಡುವೆ ಅಂತೂ ಬೇಡವೇ ಬೇಡ. 2007ರ ಜನವರಿಯಲ್ಲಿ ನ್ಯೂಯಾರ್ಕ್ ನಗರ ವರ್ಷದ ಮಧ್ಯೆ ರೂಟುಗಳನ್ನು ಕಡಿಮೆ ಮಾಡಿತು. ಮಕ್ಕಳು ಕೊರೆಯುವ ಚಳಿಯಲ್ಲಿ ಬಸ್ಸಿಲ್ಲದೆ ನಿಂತರು, ಊರೆಲ್ಲ ಗಲಾಟೆಯಾಯಿತು. ಒಂದೇ ರಾಜ್ಯದ ಎಲ್ಲ ಡಿಸ್ಟ್ರಿಕ್ಟುಗಳಲ್ಲೂ ಒಂದೇ ವ್ಯವಸ್ಥೆ ತಂದ ಉದಾಹರಣೆ ನಾರ್ತ್ ಕೆರೊಲಿನಾ. ಅಲ್ಲಿ ಟಿಮ್ಸ್ ಎಂಬ ಕಂಪ್ಯೂಟರ್ ರೂಟಿಂಗ್ ವ್ಯವಸ್ಥೆ ದಶಕಗಳ ಕಾಲ ನಡೆಯಿತು. ರಾಜ್ಯ ಕೊಡುವ ಸಾರಿಗೆ ಹಣವನ್ನು ಡಿಸ್ಟ್ರಿಕ್ಟು ಎಷ್ಟು ಜಾಣತನದಿಂದ ಬಸ್ಸು ಓಡಿಸುತ್ತದೆ ಅನ್ನುವುದಕ್ಕೆ ಜೋಡಿಸಿದ್ದರಿಂದ, ಅದನ್ನು ಬಳಸಲು ಡಿಸ್ಟ್ರಿಕ್ಟುಗಳಿಗೂ ಕಾರಣವಿತ್ತು. ಬರೀ ಆದೇಶ ಹೊರಡಿಸಿದ್ದರೆ ಸಾಫ್ಟ್‌ವೇರ್ ಮೂಲೆ ಸೇರುತ್ತಿತ್ತು ಅನ್ನಿಸುತ್ತದೆ.

ಎಲ್ಲಕ್ಕಿಂತ ಮುಖ್ಯ ಡ್ರೈವರ್‌ಗಳ ಟ್ರಯಲ್. ಶಾಲೆ ಶುರುವಾಗುವ ಎರಡು ವಾರ ಮೊದಲು, ಖಾಲಿ ಬಸ್ಸಿನಲ್ಲಿ, ನಿಜವಾದ ಬೆಳಗಿನ ಟ್ರಾಫಿಕ್ಕಿನಲ್ಲಿ, ಪ್ರತಿ ಸ್ಟಾಪಿನಲ್ಲೂ ನಿಂತು ಬಾಗಿಲು ತೆರೆದು ಮುಚ್ಚಿ ಓಡಿಸಬೇಕು. ಆ ಗಂಟೆಗಳಿಗೆ ಸಂಬಳ ಕೊಡಬೇಕು, ಸುಮ್ನೆ ಬಾ ಅಂದರೆ ಯಾರೂ ಬರುವುದಿಲ್ಲ. ಡ್ರೈವರ್ ಕೈಯಲ್ಲಿ ರೂಟಿನ ಹಾಳೆ ಇರಬೇಕು, ಪಕ್ಕದಲ್ಲಿ ಬರೆಯಲು ಜಾಗ ಇರಬೇಕು. ಬರೆದದ್ದನ್ನು ಅದೇ ವಾರ ಕಂಪ್ಯೂಟರಿಗೆ ತುಂಬಿಸಲು ಕಚೇರಿಯಲ್ಲಿ ಒಬ್ಬರು ಕೂತಿರಬೇಕು.

ಆ ಹಾಳೆಗಳು ವಾಪಸ್ ಬಂದಾಗ ಅದರಲ್ಲಿ ಏನಿರುತ್ತದೆ? ನಾಲ್ಕನೇ ಸ್ಟಾಪಿನಲ್ಲಿ ಫುಟ್‌ಪಾತ್ ಇಲ್ಲ, ಮಕ್ಕಳು ರಸ್ತೆಯಲ್ಲೇ ನಿಲ್ಲಬೇಕು, ಮುಂದಿನ ಮೂಲೆಗೆ ಹಾಕಿ. ಒಂಬತ್ತನೆಯದರಲ್ಲಿ ಎಡಕ್ಕೆ ತಿರುಗಲು ಮೂರು ನಿಮಿಷ ಕಾದೆ, ಸಿಗ್ನಲ್ ಇಲ್ಲ. ಹನ್ನೊಂದನೆಯದರಲ್ಲಿ ಮರದ ಕೊಂಬೆ ಬಸ್ಸಿನ ಮೇಲಕ್ಕೆ ತಾಗುತ್ತದೆ. ಕೊನೆಯ ಸ್ಟಾಪಿಗೆ ಹೋಗುವ ರಸ್ತೆಯಲ್ಲಿ ಗುರುವಾರ ಕಸದ ಲಾರಿ ನಿಂತಿರುತ್ತದೆ, ಗುರುವಾರಕ್ಕೆ ಐದು ನಿಮಿಷ ಜಾಸ್ತಿ ಕೊಡಿ.